ಮಂಗಳೂರು–ಉಡುಪಿಯಲ್ಲಿ ಬರವಣಿಗೆಗೆ ದುಡ್ಡು ಕೊಡುವ ಮೊದಲ ಗ್ರಾಹಕರನ್ನು ಹಿಡಿಯುವುದು ಹೇಗೆ?

ಚೆನ್ನಾಗಿ ಬರೆಯಬಲ್ಲವರು ಆರು ತಿಂಗಳಾದರೂ ಒಂದು ರೂಪಾಯಿ ಕಾಣದೆ ಕೈಚೆಲ್ಲುತ್ತಾರೆ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಫೇಸ್‌ಬುಕ್ ಪೇಜ್, ಲೋಗೋ, ವಿಸಿಟಿಂಗ್ ಕಾರ್ಡ್ ಮಾಡಿಸುತ್ತಾರೆ. ಆಮೇಲೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ಕಂಟೆಂಟ್ ಬರೆದುಕೊಡಲಾಗುವುದು’ ಎಂದು ಹಾಕುತ್ತಾರೆ. ಕೊನೆಗೆ ಗುರುತಿನವರು ಸಿಕ್ಕಿದಲ್ಲೆಲ್ಲ ‘ದಾದಾಂಡಲಾ ಬೇಲೆ ಇತ್ತ್ಂಡ ಪನ್ಲೆ’ (ಏನಾದರೂ ಕೆಲಸವಿದ್ದರೆ ಹೇಳಿ) ಎಂದು ತುಳುವಿನಲ್ಲಿ ಹೇಳುತ್ತಾರೆ. ಕೇಳಿದವರು ‘ಆಯ್ತು, ನೋಡುವ’ ಅನ್ನುತ್ತಾರೆ, ಮತ್ತೆ ಫೋನ್ ಬರುವುದಿಲ್ಲ.

ಅವರಿಗೆ ಮನಸ್ಸಿಲ್ಲವೆಂದಲ್ಲ. ಯಾವ ಕೆಲಸ ಕೊಡಬೇಕೆಂದೇ ಅವರಿಗೆ ಗೊತ್ತಿಲ್ಲ. ಕುಂಜಿಬೆಟ್ಟಿನ ಹೋಟೆಲಿನವರಿಗೆ ತಮ್ಮ ಮೆನು ಕಾರ್ಡ್ ‘ಕಂಟೆಂಟ್’ ಎಂದು ಅನಿಸಿಯೇ ಇರುವುದಿಲ್ಲ. ಬೈಕಂಪಾಡಿಯ ಸಣ್ಣ ಕಾರ್ಖಾನೆಯವರು ತಮ್ಮ ವೆಬ್‌ಸೈಟನ್ನು ಡಿಸೈನ್ ಮಾಡಿದ ಹುಡುಗನೇ ಬರೆದ ನಾಲ್ಕು ಸಾಲಿಗೇ ತೃಪ್ತರು. ಆದ್ದರಿಂದ ಕೆಲಸ ಕೇಳುವುದನ್ನು ಬಿಡಿ. ಒಂದು ಕೆಲಸಕ್ಕೆ ಹೆಸರಿಡಿ, ಬೆಲೆ ಇಡಿ, ಮಾದರಿ ತೋರಿಸಿ, ಆಮೇಲೆ ಎದುರು ಹೋಗಿ ಕುಳಿತುಕೊಳ್ಳಿ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ, ಕ್ರಮ ತಪ್ಪಿಸಬೇಡಿ. ದಿನಕ್ಕೆ ಎರಡು ಗಂಟೆ ಕೊಡುವವರು ನಾಲ್ಕರಿಂದ ಆರು ವಾರ ಇಟ್ಟುಕೊಳ್ಳಿ.

## ಮೊದಲೇ ಕೈಯಲ್ಲಿರಬೇಕಾದ್ದು

ಕಂಪ್ಯೂಟರಿನಲ್ಲಿ ಕನ್ನಡ ಯೂನಿಕೋಡ್ (ಯಾವ ಫೋನು, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆ) ಟೈಪಿಂಗ್ ಸರಾಗವಾಗಿ ಬರಬೇಕು. ಫೋನಿನಲ್ಲಿ ಸಂದೇಶ ಬರೆಯಬಹುದು, ಮೂವತ್ತು ಪುಟದ ವರದಿ ತಿದ್ದಲಾಗದು. ಗೂಗಲ್ ಡಾಕ್ಸ್, ಪಿಡಿಎಫ್ ಮಾಡಲು ಬರುವುದು, ಫೋನಿನ ರೆಕಾರ್ಡರ್, ಒಂದು ನೋಟ್‌ಬುಕ್ ಸಾಕು. ಪ್ಯಾನ್ ಕಾರ್ಡ್, ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಯುಪಿಐ ಸಿದ್ಧವಿರಲಿ. ತಂದೆಯ ಅಥವಾ ಗಂಡನ ಖಾತೆಗೆ ಹಣ ಹಾಕಿಸಿಕೊಳ್ಳಬೇಡಿ, ಮುಂದೆ ತೆರಿಗೆ ಲೆಕ್ಕದಲ್ಲಿ ಗೋಜಲಾಗುತ್ತದೆ.

ಪ್ರಿಂಟಿಂಗ್ ಪ್ರೆಸ್‌ಗೆ ಹೋಗುವ ಕೆಲಸವಾದರೆ ಇನ್ನೊಂದು ವಿದ್ಯೆ ಬೇಕು. ನಮ್ಮ ಕಡೆಯ ಡಿಟಿಪಿಗಳಲ್ಲಿ ಈಗಲೂ ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲೇ ಪುಟ ಕಟ್ಟುವವರಿದ್ದಾರೆ. ನಿಮ್ಮ ಯೂನಿಕೋಡ್ ಬರಹ ಅಲ್ಲಿ ಪರಿವರ್ತಕದ ಮೂಲಕ ಹಾಯಬೇಕು. ಏನೇನು ಒಡೆಯುತ್ತದೆ ಎಂಬುದು ಏಳನೇ ಹಂತದಲ್ಲಿದೆ.

ವೆಬ್‌ಸೈಟ್, ಲೋಗೋ, ಕಾರ್ಡ್ ಈಗ ಬೇಡ. ಮೊದಲ ಗ್ರಾಹಕರು ಸಿಗಲು ಅವು ಬೇಕಾಗುವುದಿಲ್ಲ.

## ಹಂತ 1: ಒಂದೇ ಬಗೆಯ ಕೆಲಸ ಆರಿಸಿ

‘ಎಲ್ಲವನ್ನೂ ಬರೆಯುತ್ತೇನೆ’ ಎಂದವರು ಕೇಳಿದವರ ನೆನಪಿನಲ್ಲಿ ಉಳಿಯುವುದಿಲ್ಲ. ‘ಹೋಂಸ್ಟೇಗಳಿಗೆ ಬರೆದುಕೊಡುತ್ತಾರೆ’ ಎಂದರೆ ಮಲ್ಪೆಯಲ್ಲಿ ಅಣ್ಣನ ಹೋಂಸ್ಟೇ ಇರುವವರಿಗೆ ತಟ್ಟನೆ ಹೊಳೆಯುತ್ತದೆ. ಕರಾವಳಿಯಲ್ಲಿ ಹಣ ಕೊಡುವ ಸಾಮರ್ಥ್ಯವೂ ಬರಹದ ಅಗತ್ಯವೂ ಎರಡೂ ಇರುವ ಕೆಲವು ಜಾಗಗಳು ಇವು.

ಸ್ಮರಣ ಸಂಚಿಕೆ. ದೇವಸ್ಥಾನದ ಬ್ರಹ್ಮಕಲಶೋತ್ಸವ, ಶಾಲೆಯ ಶತಮಾನೋತ್ಸವ, ಸಂಘದ ಸುವರ್ಣ ಮಹೋತ್ಸವ: ಪ್ರತಿ ಊರಿನಲ್ಲೂ ಒಂದಲ್ಲ ಒಂದು ನಡೆಯುತ್ತಿರುತ್ತದೆ. ಜಾಹೀರಾತಿನಿಂದ ಹಣ ಬರುವ ಕಾರಣ ಬರಹಕ್ಕೂ ಬಜೆಟ್ ಹೇಳಿ ಮಾಡಿಸಬಹುದು. ಹಿರಿಯರ ಸಂದರ್ಶನ, ಕ್ಷೇತ್ರದ ಚರಿತ್ರೆ, ಬಂದ ಲೇಖನಗಳ ತಿದ್ದುಪಡಿ ಇಲ್ಲಿನ ಕೆಲಸ. ಕನ್ನಡ ಗಟ್ಟಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಹಕಾರಿ ಸಂಘಗಳ ವಾರ್ಷಿಕ ವರದಿ. ಎರಡೂ ಜಿಲ್ಲೆಗಳಲ್ಲಿ ಕೃಷಿ ಪತ್ತಿನ ಸಂಘ, ಸೌಹಾರ್ದ ಸಹಕಾರಿ, ಹಾಲು ಉತ್ಪಾದಕರ ಸಂಘ ಊರೂರಿಗೆ ಇವೆ. ಲೆಕ್ಕಪತ್ರದ ಭಾಗ ಅವರದೇ. ಅಧ್ಯಕ್ಷರ ಮಾತು, ವರ್ಷದ ಚಟುವಟಿಕೆ, ಸದಸ್ಯರಿಗೆ ಸೂಚನೆ ಇವನ್ನು ಓದುವಂತೆ ಬರೆಯುವವರು ಬೇಕು.

ಹೋಂಸ್ಟೇ, ರೆಸಾರ್ಟ್, ಹೋಟೆಲ್, ಕೇಟರಿಂಗ್. ಗೂಗಲ್ ಮ್ಯಾಪಿನ ವಿವರಣೆ, ವೆಬ್‌ಸೈಟ್, ಮೆನು, ಅತಿಥಿಗಳಿಗೆ ಕಳಿಸುವ ದಾರಿ–ನಿಯಮಗಳ ಒಂದು ಪುಟ. ಇಲ್ಲಿ ಇಂಗ್ಲಿಷ್ ಕೂಡ ಬರೆಯಬೇಕಾಗುತ್ತದೆ.

ಕ್ಲಿನಿಕ್ ಮತ್ತು ಆಯುರ್ವೇದ. ದೇರಳಕಟ್ಟೆಯಿಂದ ಮಣಿಪಾಲದವರೆಗೆ ಗ್ರಾಹಕರು ತುಂಬ, ಆದರೆ ಕಾನೂನಿನ ಗೆರೆ ಗೊತ್ತಿಲ್ಲದೆ ಕೈ ಹಾಕಬೇಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಮಧುಮೇಹ, ಕ್ಯಾನ್ಸರ್‌ನಂಥ ಪಟ್ಟಿ ಮಾಡಿದ ಕಾಯಿಲೆಗಳಿಗೆ ಔಷಧದ ಜಾಹೀರಾತನ್ನೇ ನಿಷೇಧಿಸುತ್ತದೆ. ‘ಸಕ್ಕರೆ ಕಾಯಿಲೆ ಸಂಪೂರ್ಣ ಗುಣ’ ಎಂದು ಬರೆದುಕೊಡಿ ಎಂದರೆ ಒಪ್ಪಬೇಡಿ. ವೈದ್ಯರು ರೋಗಿಗಳನ್ನು ಸೆಳೆಯಲು ಜಾಹೀರಾತು ಮಾಡುವುದಕ್ಕೂ ವೃತ್ತಿಸಂಹಿತೆಯಲ್ಲಿ ತಡೆ ಇದೆ. ಅಲ್ಲಿ ಮಾರಬೇಕಾದದ್ದು ಆರೋಗ್ಯ ಮಾಹಿತಿ: ಚಿಕಿತ್ಸೆಗೆ ಮೊದಲು ಏನು ಮಾಡಬೇಕು, ಆಮೇಲೆ ಏನು ತಿನ್ನಬೇಕು ಎಂಬಂಥ ಕರಪತ್ರ.

ಪತ್ರಿಕೆಗೆ ಬರೆಯುವುದನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ಹೆಸರು ತರುತ್ತದೆ, ಮಾದರಿಯಾಗುತ್ತದೆ. ಮೊದಲ ಆದಾಯಕ್ಕೆ ಅದನ್ನೇ ನೆಚ್ಚಿದರೆ ಕಾಯುವುದು ಬಹಳ.

## ಹಂತ 2: ಮೂರು ಮಾದರಿ ತಯಾರಿಸಿ

ಯಾರೂ ಕೆಲಸ ಕೊಡದೆ ಮಾದರಿ ಎಲ್ಲಿಂದ ಬರಬೇಕು ಎಂದು ಕೈಕಟ್ಟಿ ಕೂರುವವರು ಬಹಳ. ಕವಿತೆ, ಲಲಿತ ಪ್ರಬಂಧ ತೋರಿಸುವವರು ಇನ್ನೂ ಹೆಚ್ಚು. ಹೋಂಸ್ಟೇ ಮಾಲೀಕರು ನಿಮ್ಮ ಪ್ರಬಂಧ ಓದಿ ಮೆಚ್ಚಬಹುದು, ತಮ್ಮ ಕೆಲಸ ನಿಮ್ಮಿಂದಾಗುತ್ತದೆ ಎಂದು ಅವರಿಗೆ ತಿಳಿಯುವುದಿಲ್ಲ. ಯಾವ ಕೆಲಸ ಮಾರುತ್ತೀರೋ ಅದರದ್ದೇ ಮಾದರಿ ಬೇಕು.

ಸ್ಮರಣ ಸಂಚಿಕೆ ಆರಿಸಿದ್ದರೆ ನಿಮ್ಮದೇ ಊರಿನ ಶಾಲೆಯ ನಿವೃತ್ತ ಮೇಷ್ಟರನ್ನೋ ದೈವಸ್ಥಾನದ ಹಿರಿಯರನ್ನೋ ಅವರ ಒಪ್ಪಿಗೆ ಪಡೆದು ಮಾತನಾಡಿಸಿ 600 ಪದಗಳ ಸಂದರ್ಶನ ಬರೆಯಿರಿ. ತಪ್ಪು ತುಂಬಿದ ಒಂದು ಹಳೆಯ ಆಮಂತ್ರಣ ಪತ್ರಿಕೆ ತೆಗೆದುಕೊಂಡು ಪಕ್ಕದಲ್ಲಿ ತಿದ್ದಿದ ರೂಪ ಇಡಿ, ಆದರೆ ಮೂಲದ ಹೆಸರುಗಳನ್ನು ಅಳಿಸಿ. ಮೂರನೆಯದಾಗಿ ಒಂದು ಸಂಚಿಕೆಯ ಪೂರ್ತಿ ಪುಟವಿನ್ಯಾಸದ ಯೋಜನೆ: ಎಷ್ಟು ಪುಟ, ಯಾವ ಲೇಖನ, ಯಾರಿಂದ, ಯಾವ ದಿನದೊಳಗೆ. ಈ ಮೂರನೆಯದೇ ಸಮಿತಿಯವರನ್ನು ಹೆಚ್ಚು ಒಪ್ಪಿಸುತ್ತದೆ, ಯಾಕೆಂದರೆ ಅವರ ದೊಡ್ಡ ತಲೆನೋವು ಲೇಖನಗಳು ಸಮಯಕ್ಕೆ ಬರುವುದಿಲ್ಲ ಎಂಬುದು.

ಗೂಗಲ್ ಮ್ಯಾಪಿನ ವ್ಯಾಪಾರ ವಿವರಣೆ ಮಾರುವುದಾದರೆ ಮಿತಿ ನೆನಪಿರಲಿ: 750 ಅಕ್ಷರ. ಇದು ನಮ್ಮ ಅಕ್ಷರದ ಲೆಕ್ಕವಲ್ಲ. ‘ಮಂಗಳೂರು’ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಏಳು, ಸೊನ್ನೆಯನ್ನೂ ಸ್ವರಚಿಹ್ನೆಗಳನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಹಾಗಾಗಿ ಕನ್ನಡದಲ್ಲಿ ಸುಮಾರು 90 ಪದಕ್ಕೆ ಜಾಗ ಮುಗಿಯುತ್ತದೆ. ಅದರಲ್ಲಿ ಲಿಂಕ್ ಹಾಕುವಂತಿಲ್ಲ, ರಿಯಾಯಿತಿಯ ಪ್ರಚಾರವೂ ಸಲ್ಲದು.

ಮೂರನ್ನೂ ಒಂದೇ ಪಿಡಿಎಫ್ ಮಾಡಿ, ಐದಾರು ಪುಟ ಮೀರದಿರಲಿ. ಕೊಡುವ ಮೊದಲು ಕಾಗದದಲ್ಲಿ ಮುದ್ರಿಸಿ ಓದಿ. ಬರಹ ಮಾರುವವರ ಮಾದರಿಯಲ್ಲೇ ಅಲ್ಪಪ್ರಾಣ–ಮಹಾಪ್ರಾಣ ತಪ್ಪಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

## ಹಂತ 3: ಬೆಲೆ ಹೇಳಲು ಕಲಿಯಿರಿ

ಪದಕ್ಕೆ ಇಷ್ಟು ಪೈಸೆ ಎಂಬ ಲೆಕ್ಕ ಸ್ಥಳೀಯ ಗ್ರಾಹಕರಿಗೆ ಅರ್ಥವಾಗುವುದಿಲ್ಲ, ನಿಮಗೂ ನಷ್ಟ. ಕನ್ನಡದಲ್ಲಿ ಇಂಗ್ಲಿಷಿನ ನಾಲ್ಕು ಪದ ಎರಡರಲ್ಲಿ ಮುಗಿಯುತ್ತದೆ. ಬಿಗಿಯಾಗಿ ಬರೆದಷ್ಟೂ ಸಂಬಳ ಕಡಿಮೆ ಎಂದಾಗುತ್ತದೆ. ಇಡೀ ಕೆಲಸಕ್ಕೆ ಒಂದು ಬೆಲೆ ಹೇಳಿ. ಅದನ್ನು ಮಾಡುವುದು ಗಂಟೆಯ ಲೆಕ್ಕದಿಂದ.

ಗಂಟೆಗೆ 200 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಹೋಂಸ್ಟೇಯ ಐದು ಪುಟದ ಬರಹಕ್ಕೆ ಹೋಗಿ ನೋಡಿ ಬರಲು 3 ಗಂಟೆ, ಮಾಲೀಕರ ಜೊತೆ ಮಾತಿಗೆ 1, ಬರೆಯಲು 6, ತಿದ್ದಲು 2, ಫೋನು–ಬಿಲ್ಲಿಗೆ 1. ಒಟ್ಟು 13 ಗಂಟೆ, 2,600 ರೂಪಾಯಿ. ಬಸ್ಸು–ರಿಕ್ಷಾಕ್ಕೆ 200 ಸೇರಿಸಿ. ಎಣಿಸದೆ ಬರುವ ಕೆಲಸಕ್ಕೆ ಶೇ 15 ಸೇರಿಸಿದರೆ 3,220. ಹೇಳುವ ಬೆಲೆ 3,200. ಈ 200 ಎಂಬುದು ಉದಾಹರಣೆ ಮಾತ್ರ. ನಿಮ್ಮ ಅಂಕಿ ನೀವೇ ಇಡಿ, ಆದರೆ ಓಡಾಟವನ್ನು ಬಿಡಬೇಡಿ. ಉಡುಪಿಯವರಿಗೆ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವುದೇ ಮೂರು ಗಂಟೆ ಹಿಡಿಯುತ್ತದೆ.

ಕನ್ನಡಿ ಎದುರು ನಿಂತು ಬೆಲೆಯನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ‘ಮೂರು ಸಾವಿರದ ಇನ್ನೂರು ಆಗ್ತದೆ’ ಎಂದು ಹೇಳಿ ಸುಮ್ಮನಾಗಬೇಕು. ಹೇಳಿದ ಮರುಕ್ಷಣ ‘ನೀವು ಎಷ್ಟು ಕೊಟ್ರೂ ಆಯ್ತು’ ಎಂದು ಸೇರಿಸುವುದು ಇಲ್ಲಿನ ಎಲ್ಲಕ್ಕಿಂತ ದೊಡ್ಡ ತಪ್ಪು. ಎರಡು ಜಿಲ್ಲೆ ಸೇರಿದರೂ ಎಲ್ಲರೂ ಎಲ್ಲರಿಗೂ ಹೇಗೋ ಗುರುತು, ಸಂಬಂಧ. ಅದರಿಂದಲೇ ಹಣದ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹತ್ತಿರದ ಸಂಬಂಧಿಕರ ಕೆಲಸವನ್ನು ಪುಕ್ಕಟೆ ಮಾಡಲೇಬೇಕಾದರೆ ಮಾಡಿ. ಆದರೆ ಪೂರ್ತಿ ಬೆಲೆಯ ಬಿಲ್ ಬರೆದು, ಕೆಳಗೆ ಅಷ್ಟೂ ರಿಯಾಯಿತಿ ಎಂದು ತೋರಿಸಿ ಕೊಡಿ. ಅವರು ಇನ್ನೊಬ್ಬರಿಗೆ ನಿಮ್ಮ ಹೆಸರು ಹೇಳುವಾಗ ಬೆಲೆಯೂ ಜೊತೆಗೇ ಹೋಗುತ್ತದೆ.

## ಹಂತ 4: ಮೂವತ್ತು ಹೆಸರು, ಸರಿಯಾದ ತಿಂಗಳು

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ಹೆಸರು, ಊರು, ಅವರ ಬರಹದಲ್ಲಿ ಕಂಡ ಒಂದು ಕೊರತೆ, ತೀರ್ಮಾನ ಮಾಡುವವರು ಯಾರು, ಯಾವ ತಿಂಗಳಲ್ಲಿ ಕೇಳಬೇಕು. ಮೂವತ್ತು ತುಂಬುವ ತನಕ ಯಾರಿಗೂ ಸಂದೇಶ ಕಳಿಸಬೇಡಿ. ನಾಲ್ಕು ಹೆಸರಿಟ್ಟುಕೊಂಡು ಹೊರಟವರು ನಾಲ್ಕು ‘ಬೇಡ’ ಕೇಳಿ ನಿಲ್ಲಿಸಿಬಿಡುತ್ತಾರೆ.

ಮೂರನೇ ಕಾಲಂ ಖಾಲಿ ಬಿಟ್ಟರೆ ಪಟ್ಟಿಗೆ ಬೆಲೆಯಿಲ್ಲ. ಗೂಗಲ್ ಮ್ಯಾಪಿನಲ್ಲಿ ಹಳೆಯ ಸಮಯ ಇದೆ, ಮೆನುವಿನಲ್ಲಿ ಕನ್ನಡವಿಲ್ಲ, ಕಳೆದ ವರ್ಷದ ವರದಿಯಲ್ಲಿ ಅಧ್ಯಕ್ಷರ ಮಾತು ಅದರ ಹಿಂದಿನ ವರ್ಷದ್ದೇ ನಕಲು: ಹೀಗೆ ಕಣ್ಣಾರೆ ಕಂಡದ್ದನ್ನೇ ಬರೆಯಿರಿ.

ನಾಲ್ಕನೇ ಕಾಲಂನಲ್ಲಿ ಬಹಳ ಮಂದಿ ತಪ್ಪುತ್ತಾರೆ. ಸ್ಮರಣ ಸಂಚಿಕೆಯಲ್ಲಿ ಪ್ರಧಾನ ಸಂಪಾದಕರು ಬರಹದ ಬಗ್ಗೆ ಹೇಳಬಲ್ಲರು, ಹಣದ ಕೀಲಿ ಅವರ ಬಳಿ ಇರುವುದಿಲ್ಲ. ಕೋಶಾಧಿಕಾರಿ ಮತ್ತು ಕಾರ್ಯಾಧ್ಯಕ್ಷರು ಒಪ್ಪದೆ ಒಂದು ಪುಟವನ್ನೂ ಬರೆಯಬೇಡಿ. ಸಹಕಾರಿ ಸಂಘದಲ್ಲಿ ಮಾತು ಶುರುವಾಗುವುದು ಮುಖ್ಯ ಕಾರ್ಯನಿರ್ವಹಣಾಧಿಕಾರಿಯಿಂದ, ಮಂಜೂರಾತಿ ಆಡಳಿತ ಮಂಡಳಿಯ ಸಭೆಯಿಂದ. ಸಭೆಯ ದಿನ ಕೇಳಿ ತಿಳಿದು ಅದಕ್ಕೆ ಒಂದು ವಾರ ಮೊದಲು ಲಿಖಿತ ದರಪಟ್ಟಿ ತಲುಪಿಸಬೇಕು. ಹೋಟೆಲು, ಹೋಂಸ್ಟೇಗಳಲ್ಲಿ ಬೋರ್ಡಿನ ಮೇಲಿನ ನಂಬರು ಮ್ಯಾನೇಜರದ್ದು. ಮಾಲೀಕರು ಮುಂಬಯಿಯಲ್ಲೋ ದುಬೈಯಲ್ಲೋ ಇರಬಹುದು. ಹಾಗಿದ್ದರೆ ಅವರಿಗೇ ವಾಟ್ಸಾಪ್ ಮಾಡುವುದು ಸರಿ, ಆದರೆ ಮ್ಯಾನೇಜರನ್ನು ದಾಟಿ ಹೋದಂತೆ ಆಗಬಾರದು; ‘ಮಾಲೀಕರಿಗೆ ಕಳಿಸಬೇಕಿತ್ತು, ನಂಬರು ಕೊಡ್ತೀರಾ’ ಎಂದು ಅವರಿಂದಲೇ ಪಡೆಯಿರಿ.

ತಿಂಗಳ ವಿಷಯ. ಬ್ರಹ್ಮಕಲಶೋತ್ಸವಗಳು ಹೆಚ್ಚಾಗಿ ಜನವರಿಯಿಂದ ಮೇ ಒಳಗೆ, ಶಾಲಾ ಸಮಾರಂಭಗಳು ನವೆಂಬರ್‌ನಿಂದ ಜನವರಿಯೊಳಗೆ. ಆ ಸಮಿತಿಗಳನ್ನು ಆಗಸ್ಟ್–ಅಕ್ಟೋಬರ್‌ನಲ್ಲಿ ಕಾಣಬೇಕು. ಆಮಂತ್ರಣ ಹಂಚಿದ ಮೇಲೆ ಹೋದರೆ ಸಂಚಿಕೆ ಆಗಲೇ ಯಾರದೋ ಕೈಯಲ್ಲಿರುತ್ತದೆ. ಸಹಕಾರಿ ಸಂಘಗಳ ಲೆಕ್ಕವರ್ಷ ಮಾರ್ಚ್ 31ಕ್ಕೆ ಮುಗಿದು ಮಹಾಸಭೆ ಸೆಪ್ಟೆಂಬರ್ ಹೊತ್ತಿಗೆ ನಡೆಯುವುದರಿಂದ ಜೂನ್ ಸರಿಯಾದ ಕಾಲ. ಕೋಚಿಂಗ್ ಸೆಂಟರು, ಕಾಲೇಜುಗಳ ಪ್ರವೇಶದ ಕೈಪಿಡಿಗೆ ಜನವರಿ–ಫೆಬ್ರವರಿ. ಕಡಲ ಬದಿಯ ಹೋಂಸ್ಟೇಗಳು ಮಳೆಗಾಲದಲ್ಲಿ ಬಿಡುವಾಗಿರುತ್ತವೆ, ದಸರಾ ರಜೆಗೆ ಮೊದಲು ಬರಹ ಸಿದ್ಧವಾಗಲಿ ಎಂದು ಜುಲೈಯಲ್ಲಿ ಕೇಳಿ. ಮಲ್ಪೆ, ಬಂದರಿನ ಮೀನು ವ್ಯಾಪಾರಕ್ಕೆ ಸಂಬಂಧಿಸಿದವರು ಜೂನ್ 1ರಿಂದ ಜುಲೈ 31ರ ಯಾಂತ್ರಿಕ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಕುಳಿತು ಮಾತನಾಡುತ್ತಾರೆ. ಉಡುಪಿ ರಥಬೀದಿಯ ಸುತ್ತಮುತ್ತ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ಹೊತ್ತಿಗೆ ಯಾರಿಗೂ ತಲೆ ಎತ್ತಲು ಬಿಡುವಿರುವುದಿಲ್ಲ. ಅದಕ್ಕೆ ಬೇಕಾದದ್ದನ್ನು ಅಕ್ಟೋಬರ್‌ನಲ್ಲೇ ಮಾತಾಡಿ ಮುಗಿಸಿ.

## ಹಂತ 5: ಸಂದೇಶ, ಭೇಟಿ, ಮತ್ತೆ ನೆನಪಿಸುವುದು

ದಿನಕ್ಕೆ ಮೂವರಿಗೆ ಮಾತ್ರ ಕಳಿಸಿ. ಮೂವತ್ತು ಮಂದಿಗೆ ಒಂದೇ ಸಂದೇಶ ಫಾರ್ವರ್ಡ್ ಮಾಡಿದರೆ ಅದು ಕಂಡುಬಿಡುತ್ತದೆ. ಸಂದೇಶ ಈ ರೀತಿ ಇರಲಿ:

‘ನಮಸ್ಕಾರ ಸಾರ್. ನಾನು ಬ್ರಹ್ಮಾವರದವಳು, ಹೋಂಸ್ಟೇಗಳಿಗೆ ಕನ್ನಡ–ಇಂಗ್ಲಿಷಿನಲ್ಲಿ ಬರೆದುಕೊಡ್ತೇನೆ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಹೋಂಸ್ಟೇ ನೋಡಿದೆ. ಬೀಚಿಗೆ ಎಷ್ಟು ದೂರ, ಮನೆ ಊಟ ಸಿಗ್ತದಾ ಅಂತ ರಿವ್ಯೂನಲ್ಲಿ ಮೂವರು ಕೇಳಿದ್ದಾರೆ, ವಿವರಣೆಯಲ್ಲಿ ಅದು ಇಲ್ಲ. ಅದನ್ನು ಸೇರಿಸಿ ಒಂದು ವಿವರಣೆ ಬರೆದು ಕೆಳಗೆ ಹಾಕಿದ್ದೇನೆ, ಸರಿ ಅನಿಸಿದ್ರೆ ಬಳಸಿಕೊಳ್ಳಿ. ವೆಬ್‌ಸೈಟಿನ ಐದು ಪುಟ ಪೂರ್ತಿ ಬರೆದುಕೊಡಲು 3,200 ರೂಪಾಯಿ, ಹತ್ತು ದಿನ. ಬುಧವಾರ ಮಧ್ಯಾಹ್ನ ಮೂರಕ್ಕೆ ಬಂದು ಹತ್ತು ನಿಮಿಷ ಮಾತಾಡಬಹುದಾ?’

ಪುಕ್ಕಟೆ ಕೊಡುವುದು ಇದರಲ್ಲಿ ತೋರಿಸಿದಷ್ಟೇ: ನೂರು ಪದದೊಳಗೆ, ಒಮ್ಮೆ ಮಾತ್ರ. ‘ಇನ್ನೆರಡು ಪುಟ ಸ್ಯಾಂಪಲ್ ಕೊಡಿ, ನೋಡಿ ಹೇಳ್ತೇವೆ’ ಎಂದರೆ ಮಾದರಿಯ ಪಿಡಿಎಫ್ ಕಳಿಸಿ, ಹೊಸದಾಗಿ ಬರೆಯಬೇಡಿ.

ಭೇಟಿಗೆ ಸಮಯ ನೋಡಿ ಹೋಗಿ. ಹೋಟೆಲಿಗೆ ಮಧ್ಯಾಹ್ನ ಮೂರರಿಂದ ನಾಲ್ಕು, ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು. ಕ್ಲಿನಿಕ್ಕಿಗೆ ಬೆಳಗಿನ ರೋಗಿಗಳು ಮುಗಿದ ಮೇಲೆ. ತುಳು, ಕೊಂಕಣಿ, ಬ್ಯಾರಿ ಯಾವುದು ಬರುತ್ತದೋ ಅದರಲ್ಲೇ ಮಾತನಾಡಿ. ಶೆಟ್ರೇ, ಭಟ್ರೇ, ಮಾಮ್, ಅಕ್ಕ, ಡಾಕ್ಟ್ರೇ ಎಂದು ಅವರನ್ನು ಊರು ಕರೆಯುವಂತೆಯೇ ಕರೆಯಿರಿ. ಆತ್ಮೀಯತೆ ಬೆಳೆದ ಮೇಲೂ ಹಣ, ದಿನಾಂಕ, ಕೆಲಸದ ವ್ಯಾಪ್ತಿ ಮೂರನ್ನು ಅದೇ ಸಂಜೆ ಬರಹದಲ್ಲಿ ಕಳಿಸಲೇಬೇಕು.

ಎದುರಾಗುವ ಮಾತು ಹೆಚ್ಚಾಗಿ ಎರಡು. ಒಂದು, ‘ಅದು ಚಾಟ್‌ಜಿಪಿಟಿಯಲ್ಲಿ ಬರ್ತದಲ್ವಾ?’ ವಾದಕ್ಕೆ ಇಳಿಯಬೇಡಿ. ನೀವು ಬರೆದ ಮಾದರಿಯಲ್ಲಿ ಅವರ ಗೇಟಿನ ತನಕ ಟೆಂಪೋ ಟ್ರಾವೆಲರ್ ಬರುತ್ತದೆಯೇ, ಕೊನೆಯ ಬಸ್ಸು ಎಷ್ಟಕ್ಕೆ, ಮಳೆಗಾಲದಲ್ಲಿ ಯಾವ ದಾರಿ ಮುಳುಗುತ್ತದೆ ಎಂಬುದಿದ್ದರೆ ಅದನ್ನು ತೋರಿಸಿ. ಹೋಗಿ ನೋಡಿದವರಿಗೆ ಮಾತ್ರ ಅದು ಬರೆಯಲು ಬರುತ್ತದೆ. ಹಾಗೆಂದು ನೀವೇ ಯಂತ್ರದಲ್ಲಿ ಬರೆಸಿ ತಂದರೆ ಈ ಮಾತಿಗೆ ಉತ್ತರವಿರುವುದಿಲ್ಲ.

ಎರಡನೆಯದು, ‘ಫಸ್ಟ್ ಟೈಮ್ ಅಲ್ವಾ, ಸ್ವಲ್ಪ ಕಮ್ಮಿ ಮಾಡಿ, ಮುಂದೆ ತುಂಬ ಕೆಲಸ ಉಂಟು.’ ಬೆಲೆ ಇಳಿಸಿದರೆ ಕೆಲಸವನ್ನೂ ಇಳಿಸಿ: ‘2,000ಕ್ಕೆ ಮೂರು ಪುಟ ಮಾಡುವ, ಉಳಿದದ್ದು ಆಮೇಲೆ.’ ಅಷ್ಟೇ ಕೆಲಸಕ್ಕೆ ಕಡಿಮೆ ಹಣ ಒಪ್ಪಿದರೆ ಅದೇ ನಿಮ್ಮ ಕಾಯಂ ಬೆಲೆಯಾಗಿ ಊರಿಡೀ ಹರಡುತ್ತದೆ.

ಉತ್ತರ ಬಾರದಿದ್ದರೆ ನಾಲ್ಕನೇ ದಿನ ಒಮ್ಮೆ, ಹನ್ನೆರಡನೇ ದಿನ ಒಮ್ಮೆ ನೆನಪಿಸಿ. ಎರಡನೇ ಸಲ ಫೋನ್ ಮಾಡುವುದು ಒಳ್ಳೆಯದು. ಆಮೇಲೆ ಮೂರು ತಿಂಗಳು ಸುಮ್ಮನಿರಿ. ನೀಲಿ ಗೆರೆ ಬಿದ್ದು ಉತ್ತರ ಬಂದಿಲ್ಲವೆಂದರೆ ಬೇಡವೆಂದೇ ಅರ್ಥವಲ್ಲ. ವ್ಯಾಪಾರದ ನಡುವೆ ಓದಿ ಮರೆತಿರುತ್ತಾರೆ. ಮೊದಲ ಹತ್ತು ಮಂದಿಯಲ್ಲಿ ಒಬ್ಬರೂ ಭೇಟಿಗೆ ಕರೆಯದಿದ್ದರೆ ಸಂದೇಶ ತಿದ್ದಿ. ಐದು ಭೇಟಿಯಾಗಿಯೂ ಕೆಲಸ ಬಾರದಿದ್ದರೆ ತೊಂದರೆ ಬೆಲೆಯಲ್ಲೋ ಮಾದರಿಯಲ್ಲೋ ಇದೆ.

## ಹಂತ 6: ಒಪ್ಪಿಗೆ ಮತ್ತು ಮುಂಗಡ

ವಕೀಲರ ಕಾಗದ ಬೇಡ. ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಈ ಸಂಗತಿಗಳನ್ನು ಬರೆದು, ‘ಒಪ್ಪಿದ್ದೇನೆ’ ಎಂಬ ಉತ್ತರ ಪಡೆದರೆ ಮೊದಲ ಕೆಲಸಕ್ಕೆ ಸಾಕು: ಎಷ್ಟು ಪುಟ, ಯಾವ ಭಾಷೆ, ಮಾಹಿತಿ–ಫೋಟೊ ಯಾರು ಕೊಡುತ್ತಾರೆ ಮತ್ತು ಯಾವಾಗ, ಕರಡು ಯಾವ ದಿನ, ಎಷ್ಟು ಸಲ ತಿದ್ದುಪಡಿ, ಒಟ್ಟು ಹಣ, ಮುಂಗಡ, ಬಾಕಿ ಯಾವಾಗ.

ತಿದ್ದುಪಡಿ ಎರಡು ಸಲ ಎಂದಿರಲಿ, ಮೂರನೆಯದಕ್ಕೆ ಬೇರೆ ಶುಲ್ಕ. ಇದನ್ನು ಬರೆಯದವರು ಸಮಿತಿಯ ಹನ್ನೊಂದು ಸದಸ್ಯರ ಹನ್ನೊಂದು ಅಭಿಪ್ರಾಯಕ್ಕೆ ತಿದ್ದುತ್ತ ಕೂರುತ್ತಾರೆ. ‘ಎಲ್ಲರ ತಿದ್ದುಪಡಿಗಳನ್ನು ಒಬ್ಬರೇ ಒಟ್ಟುಗೂಡಿಸಿ ಕಳಿಸಬೇಕು’ ಎಂಬ ಸಾಲನ್ನೂ ಸೇರಿಸಿ, ಆ ಒಬ್ಬರ ಹೆಸರು ಬರೆಯಿರಿ.

ಮುಂಗಡ ಶೇ 50. ಬರುವ ತನಕ ಬರೆಯಲು ಶುರು ಮಾಡಬಾರದು, ಅದು ಎಷ್ಟೇ ಗುರುತಿನವರಾದರೂ. ಕೇಳುವುದು ಹೀಗೆ: ‘ಅರ್ಧ ಈಗ ಹಾಕಿದ್ರೆ ನಾಳೆಯಿಂದ ಶುರು ಮಾಡ್ತೇನೆ.’ ಸ್ಮರಣ ಸಂಚಿಕೆಗೆ ಮಾತ್ರ ಮೂರು ಕಂತು ಮಾಡಿ: ಮೂರನೇ ಒಂದು ಭಾಗ ಆರಂಭಕ್ಕೆ, ಇನ್ನೊಂದು ಕರಡಿಗೆ, ಕೊನೆಯದು ಪುಟಗಳು ಪ್ರೆಸ್ಸಿಗೆ ಹೋಗುವ ಮೊದಲು. ಉತ್ಸವ ಮುಗಿದು ಲೆಕ್ಕಪತ್ರ ಮಂಡನೆಯಾದರೆ ಸಮಿತಿಯೇ ವಿಸರ್ಜನೆಯಾಗುತ್ತದೆ. ಆಮೇಲೆ ಬಾಕಿ ಕೇಳಲು ಯಾರೂ ಇರುವುದಿಲ್ಲ.

ಬರಹದ ಹಕ್ಕಿನ ಬಗ್ಗೆಯೂ ಒಂದು ಸಾಲು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರರಲ್ಲದೆ ಸ್ವತಂತ್ರವಾಗಿ ಬರೆದವರೇ ಸಾಮಾನ್ಯವಾಗಿ ಮೊದಲ ಹಕ್ಕುದಾರರು, ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಹೇಳದ ವರ್ಗಾವಣೆಯನ್ನು ಐದು ವರ್ಷ ಎಂದೇ ಕಾಯ್ದೆ ಎಣಿಸುತ್ತದೆ. ‘ಪೂರ್ತಿ ಹಣ ಸಂದಾಯವಾದ ಮೇಲೆ ಬಳಸುವ ಹಕ್ಕು ಗ್ರಾಹಕರದು’ ಎಂದು ಬರೆದಿಡಿ. ಬಾಕಿ ಉಳಿಸಿಕೊಂಡವರ ಎದುರು ನಿಮ್ಮ ಕೈಯಲ್ಲಿರುವ ಗಟ್ಟಿ ಮಾತು ಅದೊಂದೇ.

## ಹಂತ 7: ಬರೆದು ಒಪ್ಪಿಸುವುದು

ಒಪ್ಪಿದ ದಿನಕ್ಕಿಂತ ಒಂದು ದಿನ ಮೊದಲೇ ಕೊಡಿ. ತಿದ್ದುಪಡಿಗಳನ್ನು ವಾಯ್ಸ್ ಮೆಸೇಜಿನಲ್ಲಿ ತೆಗೆದುಕೊಂಡರೆ, ಅದನ್ನು ಬರಹಕ್ಕಿಳಿಸಿ ‘ಇಷ್ಟೇ ಅಲ್ವಾ?’ ಎಂದು ಮರಳಿ ಕಳಿಸಿ.

ಕರಾವಳಿಯ ಕೆಲಸದಲ್ಲಿ ಕ್ಷಮೆ ಸಿಗದ ತಪ್ಪೆಂದರೆ ಹೆಸರಿನದು. ವಾಕ್ಯ ಕುಂಟಿದರೆ ಯಾರೂ ಗಮನಿಸಲಿಕ್ಕಿಲ್ಲ, ದಾನಿಗಳ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟರೆ ಊರಿಗೇ ಗೊತ್ತಾಗುತ್ತದೆ. ಸಾಲ್ಯಾನ್ ಅಥವಾ ಸಾಲಿಯಾನ್, ನಾಯಕ್ ಅಥವಾ ನಾಯಕ, ಡಿಸೋಜ ಅಥವಾ ಡಿಸೋಜಾ: ಅವರವರು ಬರೆಯುವ ರೂಪವೇ ಸರಿ. ಗುತ್ತು, ಬೀಡು, ಬರ್ಕೆ ಮುಂತಾದ ಮನೆ ಹೆಸರು, ‘ದಿವಂಗತ’, ‘ಡಾ.’ ಇವನ್ನು ಒಂದೊಂದಾಗಿ ಕೇಳಿ ಖಚಿತಪಡಿಸಿಕೊಳ್ಳಿ. ಬದುಕಿರುವವರ ಹೆಸರಿನ ಹಿಂದೆ ‘ದಿ.’ ಅಚ್ಚಾದರೆ ಮುಂದೆ ಆ ಊರಿನಲ್ಲಿ ಕೆಲಸ ಸಿಗದು. ಪಟ್ಟಿಯನ್ನು ಮುದ್ರಿಸಿ ಪ್ರತಿ ಪುಟಕ್ಕೂ ಸಮಿತಿಯ ಜವಾಬ್ದಾರರ ಸಹಿ, ದಿನಾಂಕ ಹಾಕಿಸಿಕೊಂಡು ಆ ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.

ಇನ್ನು ಫಾಂಟ್. ಯೂನಿಕೋಡಿನಿಂದ ನುಡಿಗೆ ಹಾಯಿಸುವಾಗ ಅರ್ಕಾವೊತ್ತು ಜಾಗ ತಪ್ಪಬಹುದು: ‘ಕಾರ್ಯಕ್ರಮ’, ‘ಅರ್ಚಕ’ ಇಂಥ ಪದಗಳನ್ನು ಹುಡುಕಿ ನೋಡಿ. ‘ವೆಬ್‌ಸೈಟ್’, ‘ನವೆಂಬರ್‌ನಲ್ಲಿ’ ಮುಂತಾದವುಗಳ ನಡುವೆ ಕಾಣದ ಒಂದು ಜೋಡಣೆ ತಡೆಯುವ ಚಿಹ್ನೆ ಇರುತ್ತದೆ, ಪರಿವರ್ತಕ ಅದನ್ನು ನುಂಗಿದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ಅಂಕಿಗಳು, ಉದ್ಧರಣ ಚಿಹ್ನೆ, ಇಂಗ್ಲಿಷ್ ಪದಗಳೂ ಬೇರೆ ಅಕ್ಷರಗಳಾಗಿ ಬದಲಾಗುವುದುಂಟು. ಆದ್ದರಿಂದ ಡಿಟಿಪಿಯವರಿಗೆ ಫೈಲಿನ ಜೊತೆ ಪಿಡಿಎಫನ್ನೂ ಕೊಡಿ, ಪುಟ ಕಟ್ಟಿದ ಮೇಲೆ ಪ್ರೂಫನ್ನು ಅದಕ್ಕೆ ಹೋಲಿಸಿ ಓದಿ. ಈ ಪ್ರೂಫ್ ಓದುವ ಗಂಟೆಗಳನ್ನು ಬೆಲೆಯಲ್ಲಿ ಮೊದಲೇ ಸೇರಿಸಿರಬೇಕು.

## ಹಂತ 8: ಬಿಲ್, ವಸೂಲಿ, ತೆರಿಗೆ

ಕೆಲಸ ಒಪ್ಪಿಸಿದ ದಿನವೇ ಬಿಲ್. ಬಿಲ್ ಸಂಖ್ಯೆ, ದಿನಾಂಕ, ಎರಡೂ ಕಡೆಯ ಹೆಸರು–ವಿಳಾಸ, ಕೆಲಸದ ವಿವರ, ಒಟ್ಟು, ಮುಂಗಡ, ಬಾಕಿ, ಕೊನೆಯ ದಿನ, ಪ್ಯಾನ್, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಯುಪಿಐ. ‘ನಿಧಾನಕ್ಕೆ ಕೊಡಿ’ ಎನ್ನುವ ಬದಲು ‘15ನೇ ತಾರೀಕಿನೊಳಗೆ’ ಎಂದು ಬರೆಯಿರಿ.

ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟದ ತನಕ ಇಂಥ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ, ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಲೂಬಾರದು. ದೊಡ್ಡ ಸಂಸ್ಥೆಗಳು ವೃತ್ತಿಪರ ಶುಲ್ಕದಲ್ಲಿ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತವೆ. ಒಬ್ಬ ಗ್ರಾಹಕರಿಂದ ವರ್ಷಕ್ಕೆ ಬರುವ ಶುಲ್ಕ ಮಿತಿ ದಾಟಿದರೆ ಮಾತ್ರ ಈ ಕಡಿತ; 30,000 ಇದ್ದ ಆ ಮಿತಿ 2025ರ ಏಪ್ರಿಲ್‌ನಿಂದ 50,000 ಆಗಿದೆ. ಪ್ಯಾನ್ ಕೊಡದಿದ್ದರೆ ಶೇ 20 ಕಡಿತ. ಅದು ಕಳೆದುಹೋದ ಹಣವಲ್ಲ, ತೆರಿಗೆ ಬಾಕಿ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು.

ಮೊದಲ ಕೆಲಸ ಒಪ್ಪಿಸುವ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಮಾಡಿಸಿಕೊಳ್ಳಿ. ಸರ್ಕಾರಿ ಪೋರ್ಟಲಿನಲ್ಲಿ ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ; ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ. ನೋಂದಾಯಿತ ಅತಿಸಣ್ಣ ಉದ್ಯಮಕ್ಕೆ ಕೊಳ್ಳುವವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿಸದೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ, ತಡವಾದರೆ ಬಡ್ಡಿಯೂ ಸೇರುತ್ತದೆ. ಮೊದಲ ಗ್ರಾಹಕರ ಮೇಲೆ ದೂರು ಕೊಡುವ ಸಂದರ್ಭ ಅಪರೂಪ. ಆದರೆ ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆ ಇದ್ದರೆ ಕಂಪನಿಗಳ ಲೆಕ್ಕವಿಭಾಗ ಬೇಗ ಕದಲುತ್ತದೆ.

## ಕಂಡ ಕೂಡಲೇ ಹಿಂದೆ ಸರಿಯಬೇಕಾದ ಲಕ್ಷಣಗಳು

ಕೆಲಸ ಕೊಡುವ ಮೊದಲು ನೋಂದಣಿ ಶುಲ್ಕ, ಠೇವಣಿ, ‘ಸಾಫ್ಟ್‌ವೇರ್ ಚಾರ್ಜ್’ ಕೇಳಿದರೆ ಅದು ಮೋಸ. ಟೈಪಿಂಗ್ ಕೆಲಸವೆಂದು ಹೇಳಿ ಒಪ್ಪಂದಕ್ಕೆ ಸಹಿ ಹಾಕಿಸಿ, ‘ತಪ್ಪು ಹೆಚ್ಚಾಯಿತು, ದಂಡ ಕಟ್ಟಿ, ಇಲ್ಲವಾದರೆ ಕೋರ್ಟ್ ನೋಟಿಸ್’ ಎಂದು ಬೆದರಿಸುವ ಜಾಲಗಳಿವೆ. ಹೆದರಿ ಹಣ ಹಾಕಬೇಡಿ. ನಿಮಗೆ ಹಣ ಕಳಿಸುತ್ತೇವೆಂದು ಕ್ಯುಆರ್ ಕೋಡ್ ಕೊಟ್ಟು ಪಿನ್ ಒತ್ತಲು ಹೇಳಿದರೆ ಫೋನ್ ಇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಊರಿನ ಗ್ರಾಹಕರಲ್ಲಿ ಕಾಣುವ ಲಕ್ಷಣಗಳು ಬೇರೆ: ಬೆಲೆಯ ಮಾತು ಬಂದಾಗಲೆಲ್ಲ ವಿಷಯ ಬದಲಿಸುವುದು, ಹಿಂದೆ ಬರೆದುಕೊಟ್ಟವರನ್ನೆಲ್ಲ ದೂರುವುದು, ಬರಹದಲ್ಲಿ ಏನನ್ನೂ ಒಪ್ಪದೆ ಫೋನಿನಲ್ಲೇ ಮುಗಿಸುವುದು. ಇವುಗಳಲ್ಲಿ ಎರಡು ಕಂಡರೆ ಮುಂಗಡವನ್ನು ಪೂರ್ತಿ ಮೊತ್ತಕ್ಕೆ ಏರಿಸಿ.

## ಹಣ ಬಂದ ವಾರದಲ್ಲಿ

ಬಾಕಿ ಖಾತೆಗೆ ಬಂದ ಒಂದು ವಾರದೊಳಗೆ ಗ್ರಾಹಕರನ್ನು ಮೂರು ವಿಷಯ ಕೇಳಿ: ಕೆಲಸದ ಬಗ್ಗೆ ಎರಡು ಸಾಲು, ಅದನ್ನು ಮಾದರಿಯಾಗಿ ತೋರಿಸಲು ಒಪ್ಪಿಗೆ, ಇಂಥದೇ ಬರಹ ಬೇಕಿರುವ ಒಬ್ಬರ ಹೆಸರು. ‘ಯಾರಾದರೂ ಇದ್ದರೆ ಹೇಳಿ’ ಎನ್ನದೆ ಗುರುತು ಇಟ್ಟು ಕೇಳಿ: ‘ಕಾಪುವಿನಲ್ಲಿ ಹೋಂಸ್ಟೇ ನಡೆಸುವ ನಿಮ್ಮ ಗೆಳೆಯರಿಗೆ ನನ್ನ ನಂಬರು ಕೊಡ್ತೀರಾ?’ ಆ ಹೆಸರು ಮೂವತ್ತರ ಪಟ್ಟಿಯ ಮೊದಲ ಸಾಲಿಗೆ ಬರಲಿ. ಗಂಟೆಗಳನ್ನು ಮತ್ತೊಮ್ಮೆ ಎಣಿಸಿ. 13 ಎಂದುಕೊಂಡದ್ದು 19 ಆಗಿದ್ದರೆ ಆ ಹೊಸ ಗ್ರಾಹಕರಿಗೆ ಹೇಳುವ ಬೆಲೆ 19ರ ಲೆಕ್ಕದ್ದಾಗಿರಲಿ.